ಹೇಳಿದಷ್ಟೇ ಬರೆದಿದ್ದೇನೆ

ಕಲಬುರಗಿ
3 ಜೂನ್ 2025 (ಇಮೇಲ್)

ಟೀಚರ್,

ಮೂರು ದಿನದಿಂದ ಫೋನ್ ಮಾಡ್ತಿದ್ದೀನಿ, ನೀವು ಎತ್ತುತ್ತಿಲ್ಲ. ಅದಕ್ಕೇ ಈ ಇಮೇಲ್. ನಿಮಗೆ ಇಮೇಲ್ ಅಂದರೆ ಆಗಲ್ಲ ಅಂತ ಗೊತ್ತು. ಶ್ರೀಕರ್ ಅಣ್ಣ ಪ್ರಿಂಟ್ ತೆಗೆದುಕೊಡಲಿ. ನಿಮ್ಮ ಮಗನಿಗೆ ಟ್ರಸ್ಟಿ ಆಗೋಕೆ ಬಿಡುವಿದೆ ಅಂದ ಮೇಲೆ ಇದಕ್ಕೂ ಇರುತ್ತೆ.

ಟ್ರಸ್ಟ್ ಡೀಡಿನ ಕರಡನ್ನು, ನನ್ನ ಹಾಗೇ ನಿಮ್ಮ ಹತ್ತಿರ ಪರೀಕ್ಷೆ ಬರೆಸಿದ ಅಂಕಮ್ಮ ನನಗೆ ಕಳಿಸಿದಳು. ಬ್ಯಾಂಕಿಗೆ ಹೋಗುವ ಆಟೋದಲ್ಲಿ ನನ್ನ ಫೋನು ಅದನ್ನು ಓದಿ ಹೇಳಿತು. ಟ್ರಸ್ಟಿಗಳು ಯಾರ್ಯಾರು? ನೀವು, ನಿಮ್ಮ ಮಗ ಶ್ರೀಕರ್, ಆಡಿಟರ್ ವೆಂಕಟಾಚಲ, ಮತ್ತೆ ನಮ್ಮ ಅಭ್ಯಾಸಕ್ಕೆ ತಮ್ಮ ಮಹಡಿ ಬಿಟ್ಟುಕೊಡೋ ಬೇಗೂರಿನ ಗಂಗಾಧರಯ್ಯನವರು. ನಾಲ್ವರೂ ಬದುಕಿರೋವರೆಗೆ. ನಾವೆಲ್ಲಿದ್ದೀವಿ ಅಂತ ಕೇಳ್ತಾ ಹೋದೆ. ಹನ್ನೊಂದನೇ ಕಲಮಿನಲ್ಲಿ ಸಿಕ್ಕೆವು. 'ಫಲಾನುಭವಿಗಳು: ಅಂಧ ವಿದ್ಯಾರ್ಥಿಗಳು.' ಅಷ್ಟೇ. ಹೆಸರೂ ಇಲ್ಲ.

ಜನವರಿಯಲ್ಲಿ ತ್ಯಾಗರಾಜನಗರದ ನಿಮ್ಮ ಮನೆಯ ಮುಂದಿನ ಕೋಣೆಯಲ್ಲೇ ಎಲ್ಲರೂ ಕೂತು ಮಾತಾಡಿದ್ದೆವು. ಇಷ್ಟು ವರ್ಷ ನಮಗೆ ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಣ್ಣು ಕಾಣದ ನಮ್ಮಂಥವರು ಬಾಯಲ್ಲಿ ಉತ್ತರ ಹೇಳೋದು, ನೀವೂ ನಿಮ್ಮ ಗೆಳತಿಯರೂ ಪರೀಕ್ಷಾ ಕೋಣೆಯಲ್ಲಿ ಕೂತು ಬರೆಯೋದು. ಈಗ ಕಾಲೇಜುಗಳು ನೋಂದಣಿಯಾದ ಸಂಸ್ಥೆಯ ಪತ್ರ ಇಲ್ಲದೆ ಹೀಗೆ ಬರೆದುಕೊಡೋ ಸ್ಕ್ರೈಬ್‌ಗಳನ್ನು ಒಳಗೆ ಬಿಡಲ್ಲ ಅಂತಿವೆ. ಸರಿ, ನೋಂದಣಿ ಮಾಡಿಸೋಣ ಅಂದೆವು. ಯಾವ ರೂಪದಲ್ಲಿ ಅಂತಲೂ ಅವತ್ತೇ ತೀರ್ಮಾನ ಆಯ್ತು. ಸೊಸೈಟಿ. ಏಳು ಜನ ಸಹಿ ಹಾಕಿ ಶುರು ಮಾಡೋದು, ವರ್ಷಕ್ಕೊಂದು ಸಭೆ, ಸದಸ್ಯರಿಗೆಲ್ಲ ಒಂದೊಂದು ವೋಟು. ಅಧ್ಯಕ್ಷರು ಸರಿ ಇಲ್ಲದಿದ್ದರೆ ಇಳಿಸಬಹುದು. ಟ್ರಸ್ಟಿನಲ್ಲಿ ಅದೇನೂ ಇಲ್ಲ. ಕೂತವರು ಕೂತಿರ್ತಾರೆ, ಮಿಕ್ಕವರು ಕೊಟ್ಟದ್ದನ್ನ ಇಸ್ಕೊಂಡು ಕೈಮುಗೀಬೇಕು.

ಸ್ಕ್ರೈಬ್ ಆಗೋರಿಗೆಲ್ಲ ನೀವು ಹೇಳಿಕೊಡೋ ಮೊದಲ ಪಾಠ ಯಾವುದು? 'ಹೇಳಿದಷ್ಟೇ ಬರೆಯಬೇಕು. ನಿಮ್ಮದೊಂದು ಅಕ್ಷರ ಸೇರಿಸಬಾರದು, ಅವರದೊಂದು ಬಿಡಬಾರದು.' ನಾವು ಸೊಸೈಟಿ ಅಂತ ಹೇಳಿದೆವು. ನೀವು ಟ್ರಸ್ಟ್ ಅಂತ ಬರೆದಿದ್ದೀರಿ. ನನಗೆ ಎಷ್ಟು ಸಿಟ್ಟು ಬಂದಿದೆ ಅಂದರೆ ಇವತ್ತು ಕೌಂಟರಿನಲ್ಲಿ ಪಾಪದ ಗ್ರಾಹಕರೊಬ್ಬರ ಮೇಲೆ ರೇಗಿದೆ.

ಉತ್ತರ ಬೇಕು.

ಸಂಹಿತಾ


ತ್ಯಾಗರಾಜನಗರ, ಬೆಂಗಳೂರು
12 ಜೂನ್ 2025 (ಕೈಬರಹ, ಸ್ಪೀಡ್ ಪೋಸ್ಟ್)

ಸಂಹಿತಾ,

ನಿನ್ನ ಇಮೇಲನ್ನು ಶ್ರೀಕರ್ ಪ್ರಿಂಟ್ ತೆಗೆದುಕೊಟ್ಟು ಹೊರಗೆ ಹೋದ. ಅವನು ಟ್ರಸ್ಟಿಯಾಗುವುದೇ ಬೇಡ ಎಂದವನು. ಒಂದು ಹೆಸರು ಕಡಿಮೆ ಬೀಳುತ್ತದೆ ಎಂದು ನಾನೇ ಸೇರಿಸಿದ್ದು. ಇಂಥ ಮಾತು ಅವನ ಕಣ್ಣಿಗೆ ಬೀಳುವ ಹಾಗೆ ಬರೆಯಬೇಕಿತ್ತೇ?

ಜನವರಿಯಲ್ಲಿ ನಾನೂ ಹೂಂ ಎಂದಿದ್ದೆ, ಸುಳ್ಳಲ್ಲ. ಆಮೇಲೆ ವೆಂಕಟಾಚಲ ಕೂರಿಸಿಕೊಂಡು ತಿಳಿಸಿ ಹೇಳಿದ. ಸೊಸೈಟಿ ಎಂದರೆ ಪ್ರತಿವರ್ಷ ಸಭೆ, ಚುನಾವಣೆ, ಪಟ್ಟಿ ಸಲ್ಲಿಸುವುದು. ತಪ್ಪಿದರೆ ನೋಟಿಸು. ಶ್ರೀಕರ್ ಕಂಪನಿ ಮಾಡಿ ಅಂದ, ಲಾಭ ಹಂಚಿಕೊಳ್ಳದ ಕಂಪನಿ ಅಂತಲೂ ಒಂದಿದೆಯಂತೆ. ಪರೀಕ್ಷೆ ಬರೆದುಕೊಡುವುದಕ್ಕೆ ಕಂಪನಿಯೇ ಎಂದು ನನಗೆ ನಗು ಬಂತು. ಟ್ರಸ್ಟ್ ಆದರೆ ಒಂದು ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬಂದರೆ ಮುಗಿಯಿತು. ನನಗೂ ವಯಸ್ಸು ಅರವತ್ತೊಂಬತ್ತು.

ಇಲ್ಲೇ ಪಕ್ಕದ ಶ್ರೀನಗರದ ಮಹಿಳಾ ಸಮಾಜದ ಕಥೆ ಕೇಳಿದ್ದೀಯಾ? ಅದೂ ಸೊಸೈಟಿಯೇ. ಹೊಲಿಗೆ ಕ್ಲಾಸು, ಲೈಬ್ರರಿ, ಶುಕ್ರವಾರದ ಭಜನೆ, ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಒಂದು ಚುನಾವಣೆ ಬಂತು, ಎರಡು ಗುಂಪಾಯಿತು, ಕಟ್ಟಿದವಳನ್ನೇ ವೋಟು ಹಾಕಿ ಹೊರಗೆ ಕಳಿಸಿದರು. ಈಗ ಬಾಗಿಲಿಗೆ ಬೀಗ, ಮೆಟ್ಟಿಲ ಮೇಲೆ ನಾಯಿ ಮಲಗುತ್ತದೆ. ನಿಮಗೂ ಅದೇ ಗತಿ ಬರಲಿ ಎಂದು ಬಿಡಲೇ? ಬಾಯಿ ಜೋರಿರುವವರು ಯಾರೋ ಬರುತ್ತಾರೆ, ನೀವು ತಪ್ಪು ಜನರನ್ನು ಆರಿಸಿ ಎಲ್ಲ ಹಾಳುಮಾಡಿಕೊಳ್ಳುತ್ತೀರಿ. ಫಲಾನುಭವಿ ಎಂಬುದು ಕಾನೂನಿನ ಮಾತು, ನಾನು ಹುಟ್ಟಿಸಿದ್ದಲ್ಲ.

ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂದು ನಮ್ಮಮ್ಮ ಹೇಳುತ್ತಿದ್ದಳು. ಈಗ ಅರ್ಥವಾಗುತ್ತಿದೆ. ಈ ಕೈ ಇಲ್ಲದಿದ್ದರೆ ನೀನು ಬಿ.ಕಾಂ. ಪಾಸಾಗುತ್ತಿರಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಪೇಪರಿನ ದಿನ ಏನಾಯಿತು ಎಂದು ನನ್ನ ಬಾಯಿಂದ ಹೇಳಿಸಬೇಡ.

ಅಲ್ಲಿ ಬಿಸಿಲಿನ್ನೂ ಇಳಿದಿಲ್ಲವಂತೆ. ಊಟ ಸರಿಯಾಗಿ ಮಾಡು.

ಮೀನಾಕ್ಷಮ್ಮ


ಕಲಬುರಗಿ
24 ಜೂನ್ 2025 (ಇಮೇಲ್)

ಟೀಚರ್,

ಕಣ್ಣು ಕಾಣದವಳಿಗೆ ಕೈಬರಹದ ಕಾಗದ ಕಳಿಸಿದ್ದೀರಲ್ಲ, ನಿಮಗೆ ಏನನ್ನಬೇಕು? ಇಷ್ಟು ವರ್ಷ ನಮ್ಮ ನಡುವೆ ಇದ್ದು, ಸಿಟ್ಟು ಬಂದ ಕೂಡಲೇ ನಾವು ಯಾರು ಅನ್ನೋದೇ ಮರೆತುಹೋಯ್ತು. ಟೈಪ್ ಆದದ್ದನ್ನು ನನ್ನ ಫೋನು ಓದುತ್ತೆ. ನಿಮ್ಮ ದುಂಡಕ್ಷರ ಅದಕ್ಕೆ ದಕ್ಕಲಿಲ್ಲ.

ಕೊನೆಗೆ ನಮ್ಮ ಬ್ರಾಂಚಿನ ಕ್ಯಾಷಿಯರ್ ಗುರುಬಸಪ್ಪನವರು ಊಟದ ಕೋಣೆಯಲ್ಲಿ ಓದಿ ಹೇಳಿದರು. ತುಂಬಾ ಒಳ್ಳೆಯವರು, ಪಂಚಾಂಗ ಓದೋ ಹಾಗೆ ನಿಧಾನವಾಗಿ ಓದ್ತಾರೆ. ಮಹಿಳಾ ಸಮಾಜದ ಹತ್ತಿರ ಬಂದಾಗ ಅವರಿಗೇ ಬೇಜಾರಾಯ್ತು. ಆಮೇಲೆ ಕೆಮ್ಮಿದರು, ನೀರು ಕುಡಿದರು. "ಕಡೀಕ ಊಟ ಛಲೋ ಮಾಡು ಅಂತ ಬರದಾರ ನೋಡ್ರಿ ಮೇಡಂ, ತಾಯಿ ಕರಳು ಅಂದ್ರ ಇದು" ಅಂದರು.

ನಾನು ನಿಮ್ಮಿಂದ ಚೆನ್ನಾಗಿ ಬೈಸಿಕೊಳ್ಳೋಕೆ ರೆಡಿಯಾಗಿ ಕೂತಿದ್ದೆ. ಬೈಗುಳವೇ ಇರಲಿಲ್ಲ. ನನ್ನ ಆ ಇಮೇಲಿಗೆ ಇಷ್ಟು ಸಮಾಧಾನದ ಉತ್ತರ ನಿಮ್ಮಿಂದ ಬರುತ್ತೆ ಅಂದುಕೊಂಡಿರಲಿಲ್ಲ. ನಾಚಿಕೆಯಾಯ್ತು. ಶ್ರೀಕರ್ ಅಣ್ಣನ ಬಗ್ಗೆ ಆಡಿದ ಮಾತನ್ನು ವಾಪಸ್ ತಗೊಂಡಿದ್ದೀನಿ, ಅವರಿಗೆ ಹೇಳಿ.

ನೀವು ಒಂದು ಮೆಟ್ಟಿಲು ಇಳಿದಿದ್ದೀರಿ, ನಾನೂ ಇಳೀತೀನಿ. ಟ್ರಸ್ಟೇ ಆಗಲಿ. ಆದರೆ ಟ್ರಸ್ಟಿಗಳಲ್ಲಿ ನಾನೂ ಅಂಕಮ್ಮನೂ ಇರಬೇಕು. ಅವಳು ಅಲ್ಲೇ ಬಿಟಿಎಂ ಲೇಔಟಿನ ಕಾಲ್ ಸೆಂಟರಿನಲ್ಲಿ ಇದ್ದಾಳೆ, ಯಾವಾಗ ಕರೆದರೂ ಬರ್ತಾಳೆ. ನಮ್ಮ ಬಗ್ಗೆ ತೀರ್ಮಾನ ಮಾಡೋ ಕೋಣೆಯಲ್ಲಿ ನಮ್ಮವರಿಬ್ಬರು ಇರಲಿ ಅನ್ನೋದು ಅತಿಯಾಸೆ ಅಲ್ಲ ಅಲ್ವಾ?

ಅಂದ ಹಾಗೆ, ಮಹಿಳಾ ಸಮಾಜ ಕಟ್ಟಿದ ಆಕೆ ಯಾರು? ನಿಮಗೆ ಗೊತ್ತಿದ್ದವರಾ?

ಸಂಹಿತಾ


ತ್ಯಾಗರಾಜನಗರ
2 ಜುಲೈ 2025 (ಇಮೇಲ್)

ಚಿ. ಸಂಹಿತಾಳಿಗೆ,

ಕೈಬರಹದ ವಿಷಯದಲ್ಲಿ ತಪ್ಪಾಯಿತು. ಕೋಪ ಬಂದರೆ ನನ್ನ ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ. ಈಗ ನಾನು ಹೇಳುತ್ತಿದ್ದೇನೆ, ಶ್ರೀಕರ್ ಟೈಪ್ ಮಾಡುತ್ತಿದ್ದಾನೆ.

ಒಂದು ಮಾತು. ಸ್ಟ್ಯಾಟಿಸ್ಟಿಕ್ಸ್ ಪೇಪರಿನ ಬಗ್ಗೆ ಬರೆದಿದ್ದಕ್ಕೆ ನೀನು ಹಾರಾಡುತ್ತೀಯ ಎಂದುಕೊಂಡಿದ್ದೆ. ನೀನು ಚಕಾರ ಎತ್ತಲಿಲ್ಲ, ಬೈಗುಳವೇ ಇಲ್ಲ ಎಂದೆ. ಅಂದ ಮೇಲೆ ಅದು ನಿನ್ನ ಮನಸ್ಸಿಗೂ ಗೊತ್ತಿದ್ದ ವಿಷಯವೇ ಎಂದಾಯಿತು. ಒಳ್ಳೆಯದು. ಆ ಮಾತು ಇಲ್ಲಿಗೆ ಬಿಡೋಣ.

ಇನ್ನು ಟ್ರಸ್ಟಿ ವಿಷಯ. ವೆಂಕಟಾಚಲನನ್ನು ಕೇಳಿದೆ. ಆಗುವುದಿಲ್ಲ ಎಂದ. ನಿನ್ನ ಸಹಿ ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರುವುದಿಲ್ಲ, ಅಂಕಮ್ಮನದು ಹೆಬ್ಬೆಟ್ಟು. ನೋಂದಣಿ ಮಾಡುವವರು ತಕರಾರು ತೆಗೆಯುತ್ತಾರಂತೆ. ಹತ್ತು ಜನರ ಮುಂದೆ ನಿಮ್ಮನ್ನು ನಿಲ್ಲಿಸಿ, 'ಇವರಿಗೆ ಓದಿ ಹೇಳಿದ್ದೀರಾ, ಅರ್ಥವಾಗಿದೆಯಾ' ಎಂದು ಕೇಳಿಸುವುದು ನನಗೆ ಬೇಡ. ನೀವು ಸಲಹೆಗಾರರಾಗಿ ಇರಿ. ಅದನ್ನು ಬೇಕಾದರೆ ಒಂದು ಕಲಮಾಗಿ ಸೇರಿಸೋಣ.

ಜುಲೈ 14, ಸೋಮವಾರ ದಿನ ಗೊತ್ತಾಗಿದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆಶೀರ್ವಾದಗಳೊಂದಿಗೆ,
ಮೀನಾಕ್ಷಮ್ಮ


ಕಲಬುರಗಿ
5 ಜುಲೈ 2025 (ಇಮೇಲ್)

ಮೀನಾಕ್ಷಮ್ಮನವರೇ,

ಯಾವ ಸ್ಟ್ಯಾಟಿಸ್ಟಿಕ್ಸ್ ಮಾತು ಅಂತ ನನಗೆ ತಲೆಬುಡ ತಿಳಿಯಲಿಲ್ಲ. ನಿಮ್ಮ ಹಳೆ ಕಾಗದವನ್ನು ಡ್ರಾಯರಿನಿಂದ ತೆಗೆದು ಗುರುಬಸಪ್ಪನವರ ಕೈಗೆ ಕೊಟ್ಟೆ. "ಮೊದಲಿಂದ ಕೊನೆವರೆಗೂ ಓದಿ ಸಾರ್, ಒಂದಕ್ಷರ ಬಿಡಬೇಡಿ" ಅಂದೆ. ಈ ಸಲ ಅವರು ಎಲ್ಲ ಓದಿದರು.

"ಮನಸಿಗೆ ಹತ್ತತೈತಿ ಅಂತ ಬಿಟ್ಟಿದ್ದೆ ಮೇಡಂ, ತಪ್ಪಾತು" ಅಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಇನ್ನೊಬ್ಬರ ಮಾತನ್ನು ಓದುವಾಗ ಬಿಡಬಾರದು, ಸೇರಿಸಬಾರದು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಮಗೆ ಒಳ್ಳೆಯದಾಗಲಿ ಅಂತಲೇ ಅವರು ಬಿಟ್ಟಿದ್ದು. ನಮಗೆ ಒಳ್ಳೆಯದಾಗಲಿ ಅಂತಲೇ ನೀವು ಸೊಸೈಟಿಯನ್ನು ಟ್ರಸ್ಟ್ ಮಾಡಿದ್ದು. ನಿಮ್ಮ ಒಳ್ಳೆಯತನದಿಂದ ನನಗೆ ಸಾಕಾಗಿ ಹೋಗಿದೆ.

ಈಗ ಕೇಳಿ. ಸ್ಟ್ಯಾಟಿಸ್ಟಿಕ್ಸ್ ಪೇಪರಿನ ದಿನ ಏನಾಯ್ತು? ಬಾಯಿಂದ ಹೇಳಿಸಬೇಡ ಅಂದಿರಿ. ಹೇಳಿಸ್ತಾ ಇದ್ದೀನಿ, ಹೇಳಿ. ನಾನು ಹೇಳಿದ ತಪ್ಪನ್ನು ನೀವು ತಿದ್ದಿ ಬರೆದಿರಾ? ಹಾಗಿದ್ದರೆ ಆ ಅಂಕ ನನ್ನದಲ್ಲ, ಆ ಡಿಗ್ರಿ ನನ್ನದಲ್ಲ, ಈ ಕುರ್ಚಿಯೂ ನನ್ನದಲ್ಲ. ನಮ್ಮ ಬೆನ್ನ ಹಿಂದೆ ಜನ ಆಡೋ ಮಾತು ಇದೊಂದೇ, 'ಬರೆದವರು ಯಾರೋ, ಪಾಸಾದವರು ಯಾರೋ' ಅಂತ. ಇಷ್ಟು ವರ್ಷ ಆ ಮಾತು ಕೇಳಿದಾಗಲೆಲ್ಲ ನಾನು ನಿಮ್ಮ ಹೆಸರು ಹೇಳ್ತಿದ್ದೆ. ನಮ್ಮ ಟೀಚರ್ ಕೂತ ಕೋಣೆಯಲ್ಲಿ ಅದು ನಡೆಯೋ ಮಾತೇ ಅಲ್ಲ ಅಂತಿದ್ದೆ. ತಿದ್ದಿಲ್ಲ ಅಂತಾದರೆ, ನನ್ನ ಬಾಯಿ ಮುಚ್ಚಿಸೋಕೆ ನೀವು ಸುಳ್ಳು ಹೇಳಿದ್ದೀರಿ. ಎರಡರಲ್ಲಿ ಯಾವುದು ನಿಜವಾದರೂ ನನ್ನ ಹೊಟ್ಟೆಗೆ ಬೆಂಕಿ ಇಟ್ಟ ಹಾಗೇ.

ಸಹಿ ವಿಷಯ. ನಾನು ದಿನಾ ಬೆಳಿಗ್ಗೆಯಿಂದ ಸಂಜೆವರೆಗೂ ಸಾಲದ ಕಾಗದಗಳಿಗೆ ಸಹಿ ಹಾಕ್ತೀನಿ. ನಡೆಯುತ್ತೆ. ಹೆಬ್ಬೆಟ್ಟೂ ನಡೆಯುತ್ತೆ. ಟ್ರಸ್ಟಿ ಆಗೋಕಾಗಲಿ, ಸೊಸೈಟಿ ಸದಸ್ಯೆ ಆಗೋಕಾಗಲಿ ಕಾನೂನು ಕಣ್ಣು ಕೇಳಲ್ಲ. ತಕರಾರು ಇರೋದು ವೆಂಕಟಾಚಲ ಅವರ ತಲೆಯಲ್ಲಿ, ನೀವು ಅದನ್ನು ಹಾಗೇ ನಂಬಿದಿರಿ. 'ಅರ್ಥವಾಗಿದೆಯಾ' ಅಂತ ಯಾರಾದರೂ ಕೇಳಿದರೆ ಹೂಂ ಅನ್ನೋಕೆ ನನಗೆ ಬಾಯಿದೆ. ಹೋಗಿ, 14ಕ್ಕೆ ಸಹಿ ಹಾಕಿ ಬನ್ನಿ. ನಾನು ನಿಮ್ಮ ಸಲಹೆಗಾರ್ತಿಯೂ ಅಲ್ಲ, ಫಲಾನುಭವಿಯೂ ಅಲ್ಲ.

ಈ ಪತ್ರವನ್ನು ಅಂಕಮ್ಮನಿಗೂ ಕಳಿಸಿದ್ದೀನಿ. ಅವಳು ಎಲ್ಲರಿಗೂ ಕಳಿಸ್ತಾಳೆ.

ಸಂಹಿತಾ


ಕಲಬುರಗಿ
15 ಜುಲೈ 2025 (ಇಮೇಲ್)

ನಿನ್ನೆ ಸಹಿ ಆಯ್ತಾ? ಹೌದು ಅಥವಾ ಇಲ್ಲ ಅನ್ನಿ, ಸಾಕು.

ಸಂಹಿತಾ


ತ್ಯಾಗರಾಜನಗರ
28 ಜುಲೈ 2025 (ಇಮೇಲ್)

ಸಂಹಿತಾ,

ಇಲ್ಲ.

ಇದನ್ನು ನಾನೇ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಮಗನ ಕೈಯಲ್ಲಿ ಬರೆಸುವ ಪತ್ರವಲ್ಲ ಇದು. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ತಪ್ಪಿದ್ದರೆ ನಿನ್ನ ಫೋನು ಹೇಗಾದರೂ ಓದಿಕೊಳ್ಳಲಿ.

ಹದಿನಾಲ್ಕರಂದು ಸೀರೆ ಉಟ್ಟು ರೆಡಿಯಾಗಿದ್ದೆ. ವೆಂಕಟಾಚಲ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಮೇಲಿಂದ ಮೇಲೆ ಫೋನ್ ಮಾಡಿದ. ಹೊರಡಲಿಲ್ಲ. ನಿನ್ನ ಮೇಲಿನ ಕನಿಕರದಿಂದ ಎಂದು ತಿಳಿಯಬೇಡ. ನಿನ್ನ ಮೇಲೆ ನನಗೆ ಇನ್ನೂ ಕೋಪವಿದೆ. ನನ್ನ ಕಾಗದದ ಮಾತನ್ನು ಎಲ್ಲರಿಗೂ ಹಂಚಿದೆಯಲ್ಲ, ಅದಕ್ಕೆ. ಆದರೆ ಡೀಡಿನ ಕೊನೆಯಲ್ಲಿ 'ಓದಿ ತಿಳಿದು ಸಹಿ ಹಾಕಿರುತ್ತೇನೆ' ಎಂದಿತ್ತು. ಅದನ್ನು ಓದಿದ ಮೇಲೆ ಪೆನ್ನು ಹಿಡಿಯಲು ಮನಸ್ಸಾಗಲಿಲ್ಲ.

ಸ್ಟ್ಯಾಟಿಸ್ಟಿಕ್ಸ್ ಪೇಪರಿನ ದಿನ ಏನಾಯಿತು, ಕೇಳು. ಯಾವುದೋ ದೊಡ್ಡ ಲೆಕ್ಕ. ನಾನು ಕನ್ನಡ ಟೀಚರ್, ನನಗೆ ಆ ಲೆಕ್ಕ ತಿಳಿಯದು. ಮಧ್ಯದಲ್ಲಿ ನೀನು "ಹದಿನೇಳೆಂಟ್ಲ ನೂರಾ ಇಪ್ಪತ್ತಾರು" ಎಂದೆ. ಮಗ್ಗಿ ಯಾರಿಗೆ ಗೊತ್ತಿಲ್ಲ? ನೂರಾ ಮೂವತ್ತಾರು. ನನ್ನ ಪೆನ್ನು ನಿಂತಿತು. 'ಇನ್ನೊಂದು ಸಲ ಹೇಳು' ಎಂದರೂ ಸಾಕಿತ್ತು, ನೀನು ತಿದ್ದಿಕೊಳ್ಳುತ್ತಿದ್ದೆ. ಆದರೆ ಹಾಗೆ ಕೇಳುವುದೂ ಸೇರಿಸಿದಂತೆಯೇ. ನೂರಾ ಇಪ್ಪತ್ತಾರು ಎಂದೇ ಬರೆದೆ. ಕೆಳಗಿನದೆಲ್ಲ ತಪ್ಪಾಗುತ್ತ ಹೋಯಿತು, ಅದನ್ನೂ ಬರೆದೆ. ಮನೆಗೆ ಬಂದು ನಾನು ಊಟ ಮಾಡಲಿಲ್ಲ. ನಿನ್ನ ಆ ಪೇಪರಿನ ಅಂಕ ಬಂದ ದಿನ, ಯಾಕೆ ಇಷ್ಟು ಕಡಿಮೆ ಬಂತು ಟೀಚರ್ ಎಂದು ನೀನು ಕೇಳಿದಾಗ ಒಳಗೆ ಹೋಗಿ ಕಾಫಿ ಬೆರೆಸಿದೆ.

ನಾನು ನಿನಗೆ ಒಂದು ಅಂಕವನ್ನೂ ಕೊಟ್ಟಿಲ್ಲ. ನಿನ್ನ ಡಿಗ್ರಿ ನಿನ್ನದು. ಕಾಗದದಲ್ಲಿ ಬರೆದದ್ದು ಹಸೀ ಸುಳ್ಳು. ನೋಯಿಸಬೇಕೆಂದೇ ಬರೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿದೆನೋ.

ಮಹಿಳಾ ಸಮಾಜ ಕಟ್ಟಿದವಳು ಯಾರು ಎಂದು ನೀನು ಕೇಳಿದ್ದೆ. ನಾನೇ. ಬೀಗದ ಕೈಯನ್ನು ಹೊಸ ಕಾರ್ಯದರ್ಶಿಗೆ ಕೊಟ್ಟು, ಚಪ್ಪಲಿ ಹಾಕಿಕೊಂಡು ಮನೆಗೆ ನಡೆದುಬಂದೆ. ಒಬ್ಬಳೂ ಗೇಟಿನವರೆಗೆ ಬರಲಿಲ್ಲ. ಅದು ಇನ್ನೊಮ್ಮೆ ಆಗಬಾರದು ಎಂದಿತ್ತು ನನಗೆ. ನಿಮ್ಮ ಒಳ್ಳೆಯದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಕಳೆದ ಭಾನುವಾರ ಎಲ್ಲರನ್ನೂ ಮನೆಗೆ ಕರೆದೆ. ವೆಂಕಟಾಚಲ ಬರಲಿಲ್ಲ, ಫೈಲು ಕಳಿಸಿಕೊಟ್ಟ. ಗಂಗಾಧರಯ್ಯನವರು ಬಂದಿದ್ದರು. ಟ್ರಸ್ಟಿ ಸ್ಥಾನ ಹೋಗುತ್ತದೆ ಎಂದು ಹೇಗೆ ಹೇಳಲಿ ಎಂದು ನಾನು ಒದ್ದಾಡುತ್ತಿದ್ದರೆ, "ಮೇಡಮ್ನೋರೆ, ನಂಗ್ಯಾಕ್ರೀ ಅವೆಲ್ಲಾ? ಮಹಡಿ ಖಾಲಿ ಬಿದ್ದೈತೆ ಅಂತ ಕೊಟ್ಟೆ" ಎಂದರು. ಅವರನ್ನು ಟ್ರಸ್ಟಿ ಮಾಡುವ ಮೊದಲು ನಾನು ಅವರನ್ನೂ ಕೇಳಿರಲಿಲ್ಲ.

ನಾನು ಪೆನ್ನು ಹಿಡಿದು ಕೂತೆ. ಅಂಕಮ್ಮನೂ ಹುಡುಗರೂ ಒಂದೊಂದೇ ನಿಯಮ ಹೇಳಿದರು. ಸೊಸೈಟಿ. ಏಳು ಸಹಿಗಳಲ್ಲಿ ಮೊದಲ ಐದು ಕಣ್ಣು ಕಾಣದವರದು. ನನ್ನ ಹೆಸರು ಆರನೆಯದು, ನನಗೂ ಒಂದೇ ವೋಟು. ಒಂಬತ್ತನೆಯ ನಿಯಮಕ್ಕೆ ಬಂದಾಗ ಅಂಕಮ್ಮ, "ಸ್ಥಾಪಕರು ಅಂತ ಯಾರಿಗೂ ಪರ್ಮನೆಂಟ್ ಸೀಟ್ ಇರಲ್ಲ. ಬರ್ಕೊಳ್ಳಿ ಟೀಚರ್" ಎಂದಳು. ಎಲ್ಲರೂ ನನ್ನ ಪೆನ್ನಿನ ಸದ್ದಿಗೆ ಕಾಯುತ್ತಿದ್ದರು ಎಂದು ಕಾಣುತ್ತದೆ. ಬರೆದೆ. ಕೆಮ್ಮಲಿಲ್ಲ, ನೀರು ಕುಡಿಯಲಿಲ್ಲ. ಕೊನೆಯಲ್ಲಿ, ಪರೀಕ್ಷೆಯಲ್ಲಿ ಬರೆಯುವ ಹಾಗೆಯೇ, 'ಹೇಳಿದಷ್ಟೇ ಬರೆದಿದ್ದೇನೆ' ಎಂದು ಬರೆದು ಸಹಿ ಹಾಕಿದೆ. ಅದು ಅಲ್ಲಿ ಬೇಕಿರಲಿಲ್ಲವಂತೆ. ಇರಲಿ ಬಿಡಿ ಎಂದೆ.

ಏಳನೆಯ ಸಹಿಗೆ ಜಾಗ ಖಾಲಿ ಇದೆ. ಅದು ನಿನ್ನದು ಎಂದು ಅವರು ಹೇಳಿದರು, ಬರೆದುಕೊಂಡಿದ್ದೇನೆ. ಬರುವುದೂ ಬಿಡುವುದೂ ನಿನಗೆ ಸೇರಿದ್ದು. ಆಗಸ್ಟ್ 24ರ ಭಾನುವಾರ ಇಲ್ಲೇ ನಮ್ಮ ಮನೆಯಲ್ಲಿ ಪದಾಧಿಕಾರಿಗಳ ಆಯ್ಕೆ. ಅಧ್ಯಕ್ಷ ಸ್ಥಾನಕ್ಕೆ ನಾನು ನಿಲ್ಲುತ್ತಿದ್ದೇನೆ. ಅಂಕಮ್ಮನೂ ನಿಲ್ಲುತ್ತಿದ್ದಾಳೆ. ಅವಳಿಗೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಮೀನಾಕ್ಷಮ್ಮ


ಕಲಬುರಗಿ
9 ಆಗಸ್ಟ್ 2025 (ಇಮೇಲ್)

ಟೀಚರ್,

ನಿಮ್ಮ ಪತ್ರ ಬಂದು ಹನ್ನೆರಡು ದಿನ ಆಯ್ತು. ಉತ್ತರ ಬರೆಯೋಕೆ ಕೂತಾಗಲೆಲ್ಲ ಸಿಟ್ಟು ಮತ್ತೆ ಮೊದಲಿಂದ ಬರುತ್ತೆ. ಆ ಕಾಗದದ ಮಾತನ್ನು ನಾನು ಕ್ಷಮಿಸಿಲ್ಲ. ಮುಂದೆ ಯಾವಾಗಲಾದರೂ ಕ್ಷಮಿಸ್ತೀನೇನೋ, ಈಗ ಹೇಳಲ್ಲ.

ಹದಿನೇಳರ ಮಗ್ಗಿಯನ್ನು ಮೊನ್ನೆ ಜೋರಾಗಿ ಹೇಳಿ ನೋಡಿದೆ. ಈಗಲೂ ಎಂಟರ ಹತ್ತಿರ ತಡವರಿಸ್ತೀನಿ. ಆ ಪೇಪರಿನಲ್ಲಿ ಯಾಕೆ ಕಡಿಮೆ ಬಂತು ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ತಪ್ಪು ಅಂತ ಗೊತ್ತಿದ್ದೂ ನನ್ನ ತಪ್ಪನ್ನು ನನಗೇ ಬಿಟ್ಟಿರಲ್ಲ, ಅದಕ್ಕೇ ಟೀಚರ್ ನನಗೆ ಇಷ್ಟು ಕೋಪ. ಅವತ್ತು ಅಷ್ಟು ಸರಿಯಾಗಿ ನಡೆದುಕೊಂಡವರು ಇವತ್ತು 'ನೀವು ತಪ್ಪು ಜನರನ್ನು ಆರಿಸ್ತೀರಿ' ಅಂತ ವೋಟು ಕಿತ್ತುಕೊಳ್ಳೋಕೆ ಹೊರಟರಲ್ಲ. ನಾವು ತಪ್ಪು ಆರಿಸಿದರೆ ಆರಿಸ್ತೀವಿ. ನೀವು ಅದನ್ನೂ ಬರೆದುಕೊಳ್ಳಬೇಕು, ಅಷ್ಟೇ.

24ಕ್ಕೆ ಬರ್ತೀನಿ. ರೈಲು ಬುಕ್ ಮಾಡಿದ್ದೀನಿ. ಏಳನೇ ಸಹಿ ಹಾಕ್ತೀನಿ, ಸೊಟ್ಟಾನೋ ಡೊಂಕಾನೋ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಅಲ್ಲಿ ಬಂದು ಆಶ್ಚರ್ಯಪಡಿಸೋಕೆ ನನಗಿಷ್ಟವಿಲ್ಲ. ನನ್ನ ವೋಟು ಅಂಕಮ್ಮನಿಗೆ. ನಮ್ಮ ಸಭೆಯಲ್ಲಿ ಕೈ ಎತ್ತಿಸಿ ಪ್ರಯೋಜನವಿಲ್ಲ, ಯಾರಿಗೂ ಕಾಣಲ್ಲ. ಒಬ್ಬೊಬ್ಬರೂ ಬಾಯಿಬಿಟ್ಟು ಹೆಸರು ಹೇಳಬೇಕು. ನಾನು ನಿಮ್ಮ ಎದುರಿಗೇ ಕೂತು ಹೇಳ್ತೀನಿ. ನೀವು ಸೋತರೆ ನಿಮ್ಮ ಜೊತೆ ಗೇಟಿನವರೆಗೂ ಬರ್ತೀನಿ. ಆದರೆ ಅದು ನಿಮ್ಮದೇ ಮನೆ, ಎಲ್ಲಿಗೂ ಹೋಗೋ ಹಾಗಿಲ್ಲ.

ವೋಟುಗಳನ್ನು ಬರೆದುಕೊಳ್ಳೋಕೆ ಯಾರು ಅಂತ ಅಂಕಮ್ಮ ಫೋನಿನಲ್ಲಿ ಕೇಳಿದಳು. ಅಭ್ಯರ್ಥಿಯೇ ಬರೆದುಕೊಳ್ಳೋದು ಎಲ್ಲಾದರೂ ಉಂಟಾ ಅಂತ ಹುಡುಗರು ಅಂದರಂತೆ. ಟೀಚರೇ ಬರೆದುಕೊಳ್ಳಲಿ ಅಂತ ನಾನು ಹೇಳಿದ್ದೀನಿ. ಅಂಕಮ್ಮನೂ ಅದನ್ನೇ ಅಂದಳು.

ಸಂಹಿತಾ